ಮುಯ್ಯಾಳುಗಳ ದೇಶಾಟನೆ

ನಮ್ಮ ತುಮಕೂರು ಸೀಮೆಯ ರೈತರಿಗೆ ಮುಯ್ಯಾಳು ಎಂಬ ಮಾತಿನ ಅರ್ಥವನ್ನು ವಿವರಿಸಬೇಕಾದುದಿಲ್ಲ. ಇಂದು ನನ್ನ ಹೊಲದ ರಾಗಿ ಕೊಯ್ಲಿಗೆ ನೀವು ಬಂದರೆ, ನಾಳೆ ನಿಮ್ಮ ಹೊಲಕ್ಕೆ ನಾನು ಬರುತ್ತೇನೆ. ನಡುವೆ ಹಣದ ಪ್ರಸ್ತಾಪವಿಲ್ಲ. ಹೊಲಗಳಲ್ಲಿ ಈ ಪದ್ಧತಿ ಕ್ಷೀಣಿಸುತ್ತ ಬಂದ ಕಾಲದಲ್ಲಿಯೇ, ಹೊಲವೆಂಬುದನ್ನೇ ಕಾಣದ ಒಂದು ಕಸುಬಿನಲ್ಲಿ ಅದು ಹೊಸದಾಗಿ ಚಿಗುರಿತು. ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವವರ ಕಸುಬು ಅದು. ಈ ಮುಯ್ಯಾಳುಗಳ ಬದುಕು ಎಂಥದು, ಅವರು ದೇಶ ದೇಶ ಸುತ್ತುವುದೇಕೆ, ಕನ್ನಡ ಓದುವ ನಮಗೂ ಅವರಿಗೂ ಇರುವ ನಂಟೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ತಂತ್ರಾಂಶವೂ ಒಂದು ಬರವಣಿಗೆಯೇ. ಮನುಷ್ಯರು ಓದಿ ತಿಳಿಯಬಲ್ಲ ಅದರ ಮೂಲರೂಪಕ್ಕೆ ಆಕರವೆಂದು ಹೆಸರು. ವ್ಯಾಪಾರದ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಈ ಆಕರವನ್ನು ಮುಚ್ಚಿಟ್ಟುಕೊಂಡು, ಯಂತ್ರ ಮಾತ್ರ ಓದಬಲ್ಲ ರೂಪವನ್ನು ಮಾರುತ್ತಾರೆ. ಇದು ಸಲ್ಲದೆಂದು ಹಟ ಹಿಡಿದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. 1989ರಲ್ಲಿ ಬಂದ ಅವರ ಪರವಾನಗಿಯ ತಿರುಳು ಇಷ್ಟು: ಯಾರು ಬೇಕಾದರೂ ಬಳಸಲಿ, ಓದಲಿ, ತಿದ್ದಲಿ, ಹಂಚಲಿ, ಆದರೆ ತಿದ್ದಿದ್ದನ್ನು ಹಂಚುವವನು ಆಕರವನ್ನು ಬಚ್ಚಿಡಕೂಡದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಲಿನಕ್ಸನ್ನು ಹೊರತಂದ. ಮರುವರ್ಷ ಅದನ್ನೂ ಈ ಪರವಾನಗಿಗೆ ಒಳಪಡಿಸಿದ. 'ಮುಕ್ತ ಆಕರ' ಎಂಬ ಹೆಸರು ರೂಢಿಗೆ ಬಂದದ್ದು 1998ರ ಈಚೆಗೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ತೀರ ಅಪರಿಚಿತವಾದ ಲೋಕವಲ್ಲ. ನಮ್ಮ ಓಲೆಗರಿಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಿದ್ದರು. ಬಲ್ಲವರೂ ತಿದ್ದಿದರು, ಅರೆಬರೆ ಬಲ್ಲವರೂ ತಿದ್ದಿದರು. ಯಾರು, ಎಂದು, ಏಕೆ ತಿದ್ದಿದರೆಂಬುದು ಮಾತ್ರ ಉಳಿಯಲಿಲ್ಲ. ತಂತ್ರಾಂಶದ ಸಮುದಾಯಗಳಲ್ಲಿ ಒಂದು ಅಲ್ಪವಿರಾಮ ಬದಲಾದರೂ ತಿದ್ದಿದವನ ಹೆಸರು, ದಿನಾಂಕ, ಕಾರಣಗಳು ದಾಖಲೆಗೆ ಸೇರುತ್ತವೆ. ಗ್ರಂಥಸಂಪಾದನೆಯಲ್ಲಿ ಕಣ್ಣು ಸವೆಸಿದವರಿಗೆ ಹೊಟ್ಟೆಕಿಚ್ಚು ತರುವ ಸಂಗತಿಯಿದು.

ಈ ಕಸುಬಿಗೆ ಇಳಿಯುವ ತರುಣನ ದಿನಚರಿಯನ್ನು ಊಹಿಸಿಕೊಳ್ಳಿ. ಗುಬ್ಬಿಯಿಂದ ದಿನವೂ ರೈಲಿನಲ್ಲಿ ತುಮಕೂರಿಗೆ ಬಂದು ಇಂಜಿನಿಯರಿಂಗ್ ಓದುವ ಹುಡುಗನೆನ್ನಿ. ರಾತ್ರಿ ಕುಳಿತು ಒಂದು ಸಣ್ಣ ದೋಷವನ್ನು ತಿದ್ದಿ ಕಳುಹಿಸುತ್ತಾನೆ. ಮುಖ ಕಾಣದ ಜರ್ಮನಿಯ ಹಿರಿಯನೊಬ್ಬ ಎಲ್ಲರೆದುರಿಗೆ ಅದನ್ನು ತಿರಸ್ಕರಿಸುತ್ತಾನೆ. ಮತ್ತೆ ತಿದ್ದಬೇಕು, ಮತ್ತೆ ಕಳುಹಿಸಬೇಕು. ಪದವಿ ಯಾವುದು, ಊರು ಯಾವುದು ಎಂದು ಅಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ; ಬರೆದದ್ದು ನಡೆಯುತ್ತದೆಯೆ ಎಂಬುದೊಂದೇ ಪ್ರಶ್ನೆ. ಹೊಟ್ಟೆಪಾಡಿನ ಮಾತು ಬೇರೆ. ಲಿನಕ್ಸಿನಂಥ ದೊಡ್ಡ ಕೆಲಸಕ್ಕೆ ಕಂಪನಿಗಳೇ ಸಂಬಳ ಕೊಟ್ಟು ಜನರನ್ನಿಡುತ್ತವೆ. ಕನ್ನಡದ ಒಂದು ಒತ್ತಕ್ಷರವನ್ನು ಸರಿಪಡಿಸುವವನಿಗೆ ಸಂಬಳ ಕೊಡುವವರು ವಿರಳ. ಅವನು ಹಗಲು ಒಂದು ಕಡೆ ದುಡಿದು, ಇರುಳು ಇಲ್ಲಿ ದುಡಿಯಬೇಕು.

ಒತ್ತಕ್ಷರ ಅಷ್ಟು ದೊಡ್ಡ ವಿಷಯವೆ ಎಂದೀರಿ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನಿಗೆ 'ಸೂರ್ಯ' ಪದದ ಅರ್ಕಾವೊತ್ತನ್ನು ಎಲ್ಲಿಡಬೇಕೆಂದು ಕಣ್ಣೇ ಹೇಳುತ್ತಿತ್ತು. ಯಂತ್ರಕ್ಕೆ ಕಣ್ಣಿಲ್ಲ. ರಕಾರ, ವಿರಾಮಚಿಹ್ನೆ, ಯಕಾರ ಸಾಲಾಗಿ ಬಂದರೆ ಅರ್ಕಾವೊತ್ತು ಮಾಡೆಂದು ನಿಯಮ ಬರೆದರೆ ಸೂರ್ಯನೇನೋ ಸರಿಯಾಗುತ್ತಾನೆ; ಆದರೆ 'ರ‍್ಯಾಂಕ್' ಎಂದು ಬರೆಯಹೊರಟಾಗ ಅಲ್ಲಿಯೂ ಅರ್ಕಾವೊತ್ತು ಬಂದು ಕೂಡುತ್ತದೆ. ಇದನ್ನು ತಪ್ಪಿಸಲು ರಕಾರದ ಪಕ್ಕದಲ್ಲಿ, ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತವನ್ನು ಇಡಬೇಕು. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತವ್ಯವಸ್ಥೆ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತು, ನಿಜ. ಇಂಥ ಸೂಕ್ಷ್ಮಗಳು ತೆರೆಯ ಮೇಲೆ ಸರಿಯಾಗಿ ಮೂಡಲು ಅನೇಕ ವರ್ಷಗಳ ತಿದ್ದುಪಡಿ ಬೇಕಾಯಿತು.

ಕನ್ನಡದಲ್ಲಿ ಈ ಧರ್ಮಕ್ಕೆ ಮೊದಲ ಹೆಜ್ಜೆ ಹಾಕಿದವರಲ್ಲಿ ಕೆ.ಪಿ. ರಾವ್ ಅವರನ್ನು ನೆನೆಯಬೇಕು. ಉಚ್ಚಾರಣೆಯನ್ನು ಅನುಸರಿಸಿ ಕನ್ನಡ ಬರೆಯುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಅವರು ಅದನ್ನು ಸರ್ವರ ಬಳಕೆಗೆ ಬಿಟ್ಟುಕೊಟ್ಟರು. ತೇಜಸ್ವಿಯವರೂ ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ಹೋರಾಡಿದವರು. ಆಮೇಲೆ ತರುಣರು ಬಂದರು. ಅವರ ಕೈಯಿಂದ ಬಂದ ಒಂದು ಮುಕ್ತ ಅಕ್ಷರವಿನ್ಯಾಸದ ಹೆಸರು 'ಗುಬ್ಬಿ'. ಅದರ ಜೊತೆಗಾರ 'ನವಿಲು' ಆದ್ದರಿಂದ ಅದು ಹಕ್ಕಿಯೇ ಹೊರತು ನಮ್ಮ ಊರಾಗಿರಲಾರದು. ಆದರೂ ಗುಬ್ಬಿಯವರು ಹಿಗ್ಗಿದರೆ ತಡೆಯುವವರಾರು?

ಆಕರ ಮುಚ್ಚಿದ್ದರೆ ನಷ್ಟವೇನೆಂದು ಕೇಳುವವರಿಗೆ ನನ್ನ ಅನುಭವವೊಂದನ್ನು ಹೇಳಬಲ್ಲೆ. ಹಳಗನ್ನಡ ಛಂದಸ್ಸನ್ನು ಕುರಿತ ನನ್ನ ಹಸ್ತಪ್ರತಿಯನ್ನು ಒಬ್ಬ ಅಚ್ಚಿನವರು ಅವರದೇ ಅಕ್ಷರಸಂಕೇತದಲ್ಲಿ ಜೋಡಿಸಿದ್ದರು. ಅಂಗಡಿ ಮುಚ್ಚಿತು. ಕಡತ ನನ್ನ ಕೈಗೆ ಬಂತು; ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳ ರಾಶಿ. ಯಾರೋ ಅಪರಿಚಿತರು ಬರೆದು ಹಂಚಿದ ಪರಿವರ್ತಕದಿಂದ ಅದರ ಬಹುಭಾಗ ಮತ್ತೆ ಕನ್ನಡವಾಯಿತು. ಆ ಪುಣ್ಯಾತ್ಮನ ಮುಖವನ್ನು ನಾನು ಕಂಡಿಲ್ಲ. ನಮ್ಮ ಹೊಲದ ಮುಯ್ಯಿಯಲ್ಲಿ ಸಾಲ ಯಾರದೆಂದು ತಿಳಿದಿರುತ್ತದೆ. ಇಲ್ಲಿ ತೀರಿಸಬೇಕೆಂದರೆ ಇನ್ನೊಬ್ಬ ಅಪರಿಚಿತನಿಗೇ ತೀರಿಸಬೇಕು.

ಎಲ್ಲವೂ ತಂತಿಯ ಮೇಲೆ ನಡೆಯುವಾಗ ಪ್ರಯಾಣವೇಕೆ? ನಂಬಿಕೆಗಾಗಿ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಸಮುದಾಯದ ಒಂದು ರೂಢಿ ನನಗೆ ಬಹಳ ಹಿಡಿಸಿತು. ಪ್ರತಿಯೊಬ್ಬನಿಗೂ ಗೂಢಲಿಪಿಯ ಒಂದು ಕೀಲಿ, ಅದಕ್ಕೆ 40 ಅಕ್ಷರಗಳ ಒಂದು ಬೆರಳಚ್ಚು. ಹೊಸಬನನ್ನು ಪೂರ್ಣ ಸದಸ್ಯನನ್ನಾಗಿ ಮಾಡಿಕೊಳ್ಳುವ ಮುನ್ನ, ಹಳಬರು ಅವನನ್ನು ಮುಖತಃ ಕಂಡು, ಪಾಸ್‌ಪೋರ್ಟು ನೋಡಿ, ಬೆರಳಚ್ಚನ್ನು ತಾಳೆಹಾಕಿ, ಇವನು ಇವನೇ ಎಂದು ಸಹಿ ಮಾಡುವುದು ವಾಡಿಕೆ. ಲಕ್ಷಾಂತರ ಯಂತ್ರಗಳಿಗೆ ಹೋಗುವ ಬರಹಕ್ಕೆ ಇವನ ಕೈ ತಾಗಲಿದೆಯಲ್ಲವೆ? ಅದಕ್ಕಾಗಿ ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಕೂಡುತ್ತಾರೆ. ಕೈಯಲ್ಲಿ ಕಾಸಿಲ್ಲದವರಿಗೆ ಸಮುದಾಯವೇ ಪ್ರಯಾಣದ ನೆರವು ಕೊಡುವುದುಂಟು. ವೀಸಾದ ಬಾಗಿಲಲ್ಲಿ ನಮ್ಮ ಹುಡುಗರು ಕಾಯಬೇಕಾಗುವುದೂ ಉಂಟು. 2023ರ ಸೆಪ್ಟೆಂಬರಿನಲ್ಲಿ ಆ ಕೂಟ ಕೊಚ್ಚಿಗೇ ಬಂದಿತ್ತು. ಅದಕ್ಕೆ ಬಹು ಮುಂಚೆ, 2001ರಿಂದ 2012ರವರೆಗೆ, ಬೆಂಗಳೂರಿನಲ್ಲಿ ಮೊದಲು ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿಯೂ ಆಮೇಲೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿಯೂ ಇಂಥ ಸಮ್ಮೇಳನಗಳು ನಡೆದವು. ತುಮಕೂರಿನವನಿಗಾಗಲಿ ಕುಣಿಗಲಿನವನಿಗಾಗಲಿ ಅದು ಸುಮಾರು 70 ಕಿಲೋಮೀಟರಿನ ದಾರಿ, ಬೆಳಗಿನ ಬಸ್ಸು ಹಿಡಿದರೆ ಸಾಕು.

ಊರೂರು ಸುತ್ತುವುದು ಈ ಜಿಲ್ಲೆಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ಪರದೆ, ಪೆಟ್ಟಿಗೆ, ಸಂಸಾರಗಳ ಸಮೇತ ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ ಮಾಡುತ್ತಿತ್ತು. ಅವರು ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಒಂದೇ ರಂಗಕ್ಕೆ ಏರಿದವರು. ಇವರದು ತಿರುಗುಮುರುಗು: ವರ್ಷವೆಲ್ಲ ಒಂದೇ ರಂಗದಲ್ಲಿ ಜೊತೆಯಾಗಿ ದುಡಿದು, ನಾಲ್ಕು ದಿನ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಹಿಂದಿರುಗುವಾಗ ಚೀಲದಲ್ಲಿ ನಾಲ್ಕಾರು ಬೆರಳಚ್ಚಿನ ಚೀಟಿಗಳು. ಮನೆಗೆ ಬಂದು, ಒಂದೊಂದಾಗಿ ಮತ್ತೆ ತಾಳೆನೋಡಿ, ಸಹಿ ಮಾಡಬೇಕು.