ಅಜ್ಜಿಯ ಕೈಗೊಂದು ಕೌದಿ

ಮಡಿಲ ಮೇಲೆ ಹರಡಿಕೊಳ್ಳುವಷ್ಟೇ ದೊಡ್ಡದಾದ ಪುಟ್ಟ ಹೊದಿಕೆ. ಮೇಲೆಲ್ಲ ಝಿಪ್, ಗುಂಡಿ, ಲಾಡಿ, ಜೇಬು. ಹೊದ್ದು ಮಲಗೋಕಲ್ಲ, ಸುಮ್ಮನಿರದ ಕೈಗೆ ಕೆಲಸ ಕೊಡೋಕೆ. ‘ಫಿಡ್ಜೆಟ್ ಕ್ವಿಲ್ಟ್’ ಅಂತ ಇದರ ಹೆಸರು. ಡಿಮೆನ್ಷಿಯಾ ಇರುವ ಹಿರಿಯರಿಗೆ, ಆಟಿಸಂ ಇರುವ ಮಕ್ಕಳಿಗೆ ಬಳಸುತ್ತಾರೆ. ಆನ್‌ಲೈನ್‌ನಲ್ಲೂ ಸಿಗುತ್ತೆ. ಆದರೆ ನಾನು ನೋಡಿದ ಬಹುಪಾಲು ಹೊದಿಕೆಗಳ ಮೇಲೆ ಕರಡಿಮರಿ, ಎ-ಬಿ-ಸಿ-ಡಿ. ಚಾಮರಾಜಪುರಂನ ನಮ್ಮ ಅರ್ಧ ಬೀದಿಗೆ ರವಿಕೆ ಹೊಲಿದುಕೊಟ್ಟ, 82 ವರ್ಷದ ಅಜ್ಜಿಯ ಮಡಿಲಲ್ಲಿ ಅದನ್ನಿಡೋಕೆ ನನಗೆ ಮನಸ್ಸು ಬರಲಿಲ್ಲ.

ಅಜ್ಜಿಗೆ ಮರೆವಿನ ಕಾಯಿಲೆ ಶುರುವಾಗಿ ನಾಲ್ಕು ವರ್ಷ. ಕಳೆದ ಬೇಸಿಗೆಯಿಂದ ಸೆರಗಿನ ನೂಲು ಎಳೆಯೋದು, ಮುಂಗೈ ಕೆರೆದು ಕೆರೆದು ಗಾಯ ಮಾಡ್ಕೊಳ್ಳೋದು ಜಾಸ್ತಿಯಾಯ್ತು. ಸಂಜೆಯಾದರೆ ಇನ್ನೂ ಹೆಚ್ಚು. ಸ್ಟೇಷನ್ ಕಡೆಯಿಂದ ರೈಲಿನ ಹಾರ್ನ್ ಕೇಳಿದ್ರೆ ಸಾಕು, ‘ನಂಜನಗೂಡಿಗೆ ಹೋಗ್ಬೇಕು, ಟೈಮಾಯ್ತು’ ಅಂತ ಎದ್ದು ನಿಲ್ತಾರೆ. ಈ ಕಾಯಿಲೆಯಲ್ಲಿ ಸಂಜೆಯ ಚಡಪಡಿಕೆ ಎಷ್ಟು ಸಾಮಾನ್ಯ ಅಂದ್ರೆ, ಅದಕ್ಕೆ ‘ಸನ್‌ಡೌನಿಂಗ್’ ಅಂತ ಹೆಸರೇ ಇದೆ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇಂಥ ಸಂಜೆಗಳು ಬಹಳ ಮನೆಗಳಲ್ಲಿವೆ.

ನಾನೇ ಹೊಲೀತೀನಿ ಅಂದಾಗ ಅಮ್ಮ ಒಪ್ಪಲಿಲ್ಲ. ‘ಅತ್ತೆ ಕೈಗೆ ಆಟದ ಸಾಮಾನು ಕೊಡ್ತೀಯಾ? ಬಂದವರು ನೋಡಿದ್ರೆ ಏನಂದ್ಕೋತಾರೆ?’ ಆ ಮಾತಿನಲ್ಲಿ ಅರ್ಥವಿತ್ತು. ಹಾಗಾಗಿ ಒಂದೇ ನಿಯಮ ಇಟ್ಟುಕೊಂಡೆ: ಅಜ್ಜಿಯ ಕೈ ಜೀವನವಿಡೀ ಏನು ಮಾಡಿತ್ತೋ ಅದು ಮಾತ್ರ ಅದರ ಮೇಲೆ ಬರಬೇಕು. ನಿನ್ನೆ ಮೊನ್ನೆಯದು ಮರೆತುಹೋದರೂ ಕೈಗೆ ಹತ್ತಿದ ರೂಢಿ ಬಹಳ ಕಾಲ ಉಳಿಯುತ್ತೆ.

ಅಳತೆ 18×24 ಇಂಚು. ಅದಕ್ಕಿಂತ ದೊಡ್ಡದಾದ್ರೆ ಜಾರಿ ಕಾಲಿಗೆ ತೊಡರುತ್ತೆ. ಏಳು ಇಂಚಿನ ಹನ್ನೆರಡು ಚೌಕ ಕತ್ತರಿಸಿ, ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟರೆ ಲೆಕ್ಕ ಸರಿಹೋಗುತ್ತೆ. ಹನ್ನೆರಡರಲ್ಲಿ ಐದು ಚೌಕಗಳಲ್ಲಿ ಬರೀ ಬಟ್ಟೆ: ವೆಲ್ವೆಟ್, ಟರ್ಕಿ ಟವೆಲ್, ಖಾದಿ ಹೀಗೆ. ಎಲ್ಲ ಕಡೆ ಏನಾದ್ರೂ ಜೋತಾಡ್ತಿದ್ರೆ ಅದೇ ಗಲಿಬಿಲಿ.

ಒಂದು ಚೌಕಕ್ಕೆ ಅಜ್ಜಿಯದೇ ಹಳೇ ರವಿಕೆಯ ಬಟ್ಟೆಯಲ್ಲಿ ಹುಕ್ಕಿನ ಪಟ್ಟಿ. ದೊಡ್ಡ ಹುಕ್ಕು ತಂದು, ಬೆರಳಿಗೆ ಸುಲಭವಾಗಲಿ ಅಂತ ದೂರ ದೂರ ಹೊಲಿದೆ. ಇನ್ನೊಂದಕ್ಕೆ ನೆರಿಗೆ: ಸವೆದುಹೋದ ಮೈಸೂರು ಸಿಲ್ಕ್ ಸೀರೆಯ ತುಂಡು, ಮಡಿಸಿ ಬಿಚ್ಚೋ ಹಾಗೆ. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರಷ್ಟು ಹಳೆಯದು. ಆ ಬಟ್ಟೆ ಕೈಯಲ್ಲಿ ಜಾರುವ ರೀತಿ ನಮ್ಮೂರಿನ ಹೆಂಗಸರ ಬೆರಳಿಗೆ ಗೊತ್ತಿರುತ್ತೆ. ಅಂಚನ್ನು ಮಾತ್ರ ಬಳಸಲಿಲ್ಲ. ಝರಿಯ ಎಳೆ ಬಿಟ್ಟುಕೊಂಡ್ರೆ ವಯಸ್ಸಾದವರ ತೆಳು ಚರ್ಮ ಗೀರುತ್ತೆ.

ನನಗೆ ಅತಿ ಇಷ್ಟವಾದದ್ದು ಅವರೆಕಾಯಿ ಚೌಕ. ಚಳಿಗಾಲ ಬಂದರೆ ಅಜ್ಜಿ ಸೇರುಗಟ್ಟಲೆ ಅವರೆಕಾಳು ಹಿದುಕುತ್ತಿದ್ದರು. ಅದಕ್ಕೆ ಎರಡು ಬಟ್ಟೆಗಳ ನಡುವೆ ಗೋಲಿ. ಒತ್ತಿದರೆ ಹೊಲಿಗೆಯ ದಾರಿಯಲ್ಲಿ ಪುಳಕ್ಕನೆ ಮುಂದೆ ಜಾರುತ್ತೆ. ದಾರಿ ಗೋಲಿಯ ಎರಡರಷ್ಟು ಅಗಲ ಇರಲಿ, ಇಲ್ಲದಿದ್ರೆ ಸಿಕ್ಕಿಕೊಳ್ಳುತ್ತೆ. ಗೋಲಿ ಸೂಜಿಯಡಿ ಉರುಳಿ ಬಂದ್ರೆ ಸೂಜಿ ಮುರಿಯುತ್ತೆ. ಅದಕ್ಕೇ ದಾರಿಯನ್ನು ಮೊದಲು ಮಷಿನ್‌ನಲ್ಲಿ ಎರಡು ಸಲ ಹೊಲಿದು, ಆಮೇಲೆ ಗೋಲಿ ತೂರಿಸಿ, ಬಾಯಿಯನ್ನು ಕೈಯಲ್ಲೇ ಮುಚ್ಚಬೇಕು.

ಮಷಿನ್ ಕೂಡ ಅಜ್ಜಿಯದೇ, ಕಾಲಲ್ಲಿ ತುಳಿಯೋದು. ಚೌಕಗಳ ಜೋಡಣೆ, ಝಿಪ್, ವೆಲ್ಕ್ರೋ, ಅಂಚಿನ ಪಟ್ಟಿ ಎಲ್ಲ ಅದರ ಪಾಲು. ದಪ್ಪ ಪದರಕ್ಕೆ 16ನೇ ನಂಬರ್ ಸೂಜಿ ಹಾಕಿ. ಗುಂಡಿ, ಮಣಿ, ಹುಕ್ಕು ಕೈಹೊಲಿಗೆಯಲ್ಲೇ: ಎರಡೆಳೆ ದಾರ, ಬಟ್ಟೆಯ ಹಿಂಬದಿ ಇನ್ನೊಂದು ಚಪ್ಪಟೆ ಗುಂಡಿ ಕೊಟ್ಟು ಬಿಗಿದ್ರೆ ಎಳೆದರೂ ಕಿತ್ತು ಬರಲ್ಲ.

ಕೊನೆಗೆ ಮೇಲ್ಬಟ್ಟೆ, ನಡುವೆ ಹಳೇ ಟವೆಲ್, ಕೆಳಗೆ ಜಾರದ ಹತ್ತಿ ಬಟ್ಟೆ, ಮೂರನ್ನೂ ಸೇರಿಸಿ ಕೈಹೊಲಿಗೆ. ಇಲ್ಲಿ ನಾನು ಕೌದಿ ಹೊಲಿಯುವವರನ್ನು ಅನುಸರಿಸಿದೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಸಾಲು ಸಾಲಾದ ಹೊಲಿಗೆಯೇ ಬೆರಳಿಗೆ ತಾಗುವ ಉಬ್ಬುತಗ್ಗು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ, ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವು ಕೂರಿಸ್ತಾರೆ. ಆ ಹೂವನ್ನು ನಾನೂ ನಾಲ್ಕು ಮೂಲೆಗೆ ಇಟ್ಟೆ. ಹಿಡಿದು ತಿರುಚೋಕೆ ಅದಕ್ಕಿಂತ ಚೆನ್ನಾಗಿರೋದು ಅಂಗಡಿಯಲ್ಲಿ ಸಿಕ್ಕಲಿಲ್ಲ.

ಹೊಲಿಯುವವರು ಇವಿಷ್ಟನ್ನು ಮರೀಬೇಡಿ. ಬಾಯಿಗೆ ಹಾಕಿಕೊಳ್ಳೋ ಅಭ್ಯಾಸ ಇರುವವರಿಗೆ, ಚಿಕ್ಕ ಮಕ್ಕಳಿಗೆ ಗುಂಡಿ, ಮಣಿ, ಹುಕ್ಕು, ಗೋಲಿ ಯಾವುದೂ ಬೇಡ. ಬಟ್ಟೆ, ದೊಡ್ಡ ಝಿಪ್, ಜೇಬು ಸಾಕು. ಆಯಸ್ಕಾಂತ, ಬಟನ್ ಬ್ಯಾಟರಿ ಯಾರಿಗೂ ಬೇಡ. ಲಾಡಿ ಆರು ಇಂಚು ದಾಟಬಾರದು. ಕುರ್ಚಿಗೆ ಕಟ್ಟಲೇಬೇಡಿ, ಏಳಬೇಕೆನಿಸಿದಾಗ ಪಕ್ಕಕ್ಕಿಟ್ಟು ಏಳುವಂತಿರಬೇಕು. ಹತ್ತಿ ಬಟ್ಟೆಯನ್ನು ಮೊದಲೇ ಒಗೆದು ಕತ್ತರಿಸಿ. ವಾರಕ್ಕೊಮ್ಮೆ ಗುಂಡಿ, ಹುಕ್ಕುಗಳನ್ನು ಎಳೆದು ನೋಡಿ.

ಮೊದಲ ದಿನ ಅಜ್ಜಿ ಅದನ್ನು ಮಡಚಿ ಪಕ್ಕಕ್ಕಿಟ್ಟುಬಿಟ್ಟರು. ಎರಡನೇ ದಿನವೂ ಹಾಗೇ. ಮೂರನೇ ಸಂಜೆ ಹುಕ್ಕಿನ ಪಟ್ಟಿಯ ಮೇಲೆ ಬೆರಳು ಓಡಿಸಿ, ‘ಯಾರದಮ್ಮಾ ಈ ರವಿಕೆ? ಹುಕ್ಕು ಇಷ್ಟು ದೂರ ದೂರ ಯಾರು ಹೊಲಿದದ್ದು?’ ಅಂದ್ರು.

‘ನಿಮ್ಮ ಮೊಮ್ಮಗಳು, ಅತ್ತೆ’ ಅಂದ್ರು ಅಮ್ಮ.

‘ಕಳಿಸು ಅವಳನ್ನ, ಹೇಳ್ಕೊಡ್ತೀನಿ.’

ಇದು ಔಷಧಿ ಅಲ್ಲ. ಕೆಲವು ಸಂಜೆ ಇಪ್ಪತ್ತು ನಿಮಿಷ ಕೈ ಅದರಲ್ಲೇ ಇರುತ್ತೆ, ಕೆಲವು ಸಂಜೆ ಅದನ್ನು ತಳ್ಳಿ ನಂಜನಗೂಡಿನ ರೈಲಿಗೆ ಹೊರಡ್ತಾರೆ. ಮುಂಗೈ ಗಾಯ ಮಾತ್ರ ಒಣಗಿದೆ. ಒಗೆದ ದಿನ ಕೈ ಖಾಲಿ ಇರಬಾರದು ಅಂತ ಎರಡನೆಯದು ಶುರುವಾಗಿದೆ. ಈ ಸಲ ಹುಕ್ಕುಗಳನ್ನು ಅಮ್ಮ ಹೊಲೀತಿದ್ದಾರೆ, ಹತ್ತಿರ ಹತ್ತಿರ.