ಎರಡು ಕ್ಲಚ್ ಇದ್ದರೂ ಕಾರು ಹಿಂದಕ್ಕೇಕೆ ಜಾರುತ್ತೆ?

ನಮ್ಮ ಕ್ಲಾಸಿನಲ್ಲಿ ಯಾರನ್ನೇ ಕೇಳಿ, ಡಿಸಿಟಿ ಅಂದರೆ ‘ಫಾಸ್ಟ್ ಗಿಯರ್‌ಬಾಕ್ಸ್’ ಅನ್ನುತ್ತಾರೆ. ಗಿಯರ್ ಬದಲಾಗಿದ್ದೇ ಗೊತ್ತಾಗಲ್ಲ, ಪಿಕಪ್ ಸೂಪರ್. ಎಲ್ಲ ನಿಜ. ಆದರೆ ಅದೇ ಕಾರನ್ನು ಏರಿನಲ್ಲಿ ನಿಲ್ಲಿಸಿ ಬ್ರೇಕಿನಿಂದ ಕಾಲು ತೆಗೆದರೆ ಹಿಂದಕ್ಕೆ ಜಾರಬಹುದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೆಕ್ಯಾನಿಕಲ್ ಓದುತ್ತಿರುವ ನನಗೆ ಈ ಪ್ರಶ್ನೆ ಎದುರಾಗಿದ್ದು ಪರೀಕ್ಷೆಯಲ್ಲಲ್ಲ, ಮನೆಯಲ್ಲಿ. ಅಪ್ಪನಿಗೆ ಎಡಮಂಡಿ ನೋವು. ಕ್ಲಚ್ ತುಳಿಯಲಾಗದೆ ಹಳೆಯ ಕಾರು ಕೊಟ್ಟು, ಸೆಕೆಂಡ್ ಹ್ಯಾಂಡ್ ಡಿಸಿಟಿ ಕಾರು ತಂದರು. ನಮ್ಮದು ಮೂಡಿಗೆರೆ ಕಡೆ. ಮಂಗಳೂರಿಗೆ ಹೋಗಿಬರಬೇಕೆಂದರೆ ಚಾರ್ಮಾಡಿ ಘಾಟಿ ಇಳಿದು ಹತ್ತಬೇಕು. ಹತ್ತುವಾಗ ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ಹೊರಟರೆ, ಕಾರು ಎರಡಡಿ ಹಿಂದಕ್ಕೆ! ಹಿಂದಿದ್ದ ಬೈಕಿನವನು ಕೂಗಿಕೊಂಡ. ಇನ್ನು ಈ ಕಾರಿನಲ್ಲಿ ಘಾಟಿಗೆ ಬರಲ್ಲ ಎಂದು ಅಮ್ಮ ಪಟ್ಟು ಹಿಡಿದಳು. ‘ಗಿಯರ್‌ಬಾಕ್ಸೇ ಹೋಗಿದೆ, ಮಾರಿಬಿಡೋಣ’ ಅಂತ ಅಪ್ಪ.

ಗಿಯರ್‌ಬಾಕ್ಸ್ ಸರಿಯಾಗಿಯೇ ಇತ್ತು.

ಹಳೆಯ ಮಾದರಿಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗಿಯರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಆ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ಸುಮ್ಮನೆ ಓಡುತ್ತಿದ್ದರೂ ಎಣ್ಣೆ ಚಕ್ರವನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಸಣ್ಣಪುಟ್ಟ ಏರಿನಲ್ಲಿ ಕಾರು ಹಿಂದೆ ಬರದಿರಲು ಈ ತಳ್ಳುವಿಕೆಯೇ ಕಾರಣ. ಕಡಿದಾದ ಏರಿನಲ್ಲಿ ಅದೂ ಸೋಲುತ್ತದೆ ಅನ್ನಿ.

ಡಿಸಿಟಿಯಲ್ಲಿ ಈ ಎಣ್ಣೆಯ ಫ್ಯಾನೇ ಇಲ್ಲ. 1, 3, 5, 7ನೇ ಗಿಯರಿಗೆ ಒಂದು ಕ್ಲಚ್, 2, 4, 6ಕ್ಕೆ ಇನ್ನೊಂದು. ಒಂದು ಗಿಯರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕಾದಿರುತ್ತದೆ. ವೇಗದ ಗುಟ್ಟು ಇದು. ಬ್ರೇಕ್ ತುಳಿದು ನಿಂತಾಗ ಕಂಪ್ಯೂಟರ್ ಕ್ಲಚ್ ಬಿಡಿಸಿಟ್ಟಿರುತ್ತದೆ, ಇಲ್ಲವಾದರೆ ಎಂಜಿನ್ ಆಫ್ ಆಗುತ್ತದೆ. ನಾವು ಕಾಲೆತ್ತಿದ ಮೇಲೆ ಅದು ಮೆಲ್ಲಗೆ ಕ್ಲಚ್ ಸೇರಿಸುತ್ತದೆ. ನಮ್ಮ ಡ್ರೈವರ್‌ಗಳ ಭಾಷೆಯಲ್ಲಿ ‘ಹಾಫ್ ಕ್ಲಚ್’. ಈ ಅರೆಗಳಿಗೆಯಲ್ಲಿ ಗುರುತ್ವಾಕರ್ಷಣೆ ಕಾಯುತ್ತಾ ಕೂರುವುದಿಲ್ಲ. 10 ಮೀಟರಿಗೆ 1 ಮೀಟರ್ ಏರುವ ರಸ್ತೆಯಲ್ಲಿ 1,200 ಕೆ.ಜಿ. ಕಾರನ್ನು ಸುಮಾರು 120 ಕೆ.ಜಿ. ತೂಕದಷ್ಟು ಬಲ ಹಿಂದಕ್ಕೆ ಎಳೆಯುತ್ತದೆ. ಮಟ್ಟಸ ರಸ್ತೆಯಲ್ಲಿ ತೆವಳಲು ಸಾಕಾಗುವ ಹಾಫ್ ಕ್ಲಚ್ ಇದಕ್ಕೆ ಸಾಲದು.

ಕಂಪ್ಯೂಟರೇ ಇನ್ನಷ್ಟು ಗಟ್ಟಿಯಾಗಿ ಕ್ಲಚ್ ಹಿಡಿಯಬಾರದೇ ಎಂದು ಅಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಪ್ಲೇಟು ಉಜ್ಜಿದಷ್ಟೂ ಬಿಸಿ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಆದರೆ ಸ್ವಲ್ಪ ತಡೆದೀತು, ಒಣ ಕ್ಲಚ್‌ಗೆ ಗಾಳಿಯೇ ಗತಿ. ಅದಕ್ಕೇ ತಯಾರಕರು ಕೈ ಹಿಡಿದು ಬಿಡುತ್ತಾರೆ. ಹಾಗಾಗಿ ಏರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಲರೇಟರ್‌ನಲ್ಲೇ ಕಾರು ಹಿಡಿದಿಡುವುದು, ಬಹಳ ಜನರ ಅಭ್ಯಾಸವಿದು, ಕ್ಲಚ್ ಸುಡುವ ಕೆಲಸ. ರಿಪೇರಿ ಬಿಲ್ಲು ಸಣ್ಣದಲ್ಲ.

ಎರಡು ಕ್ಲಚ್‌ನ ಯೋಚನೆ ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ ಎಂಬಾತನದು, 1930ರ ದಶಕದ್ದು. 1980ರ ದಶಕದಲ್ಲಿ ಪೋರ್ಷೆ ರೇಸ್ ಕಾರುಗಳಿಗೆ ಹಾಕಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ ಜನರ ಕೈಗೆ ಬಂತು. ರೇಸಿನಲ್ಲಿ ಓಡಿದವರಿಗೆ ಘಾಟಿಯ ಟ್ರಾಫಿಕ್ಕಿನಲ್ಲಿ ತೆವಳುವ ಚಿಂತೆ ಎಲ್ಲಿತ್ತು!

ಈಗಿನ ಹಲವು ಕಾರುಗಳಲ್ಲಿ ಹಿಲ್ ಹೋಲ್ಡ್ ಇರುತ್ತದೆ. ಕಾಲು ತೆಗೆದ ಮೇಲೂ ಸುಮಾರು 2 ಸೆಕೆಂಡ್ ಬ್ರೇಕ್ ಹಿಡಿದಿರುತ್ತದೆ, ಅಷ್ಟೇ. ಅಷ್ಟರಲ್ಲಿ ಎಕ್ಸಲರೇಟರ್ ಒತ್ತದಿದ್ದರೆ ಮತ್ತೆ ಜಾರಾಟ. ನಮ್ಮ ಕಾರಿನಲ್ಲಿ ಅದೂ ಇಲ್ಲ. ಅಪ್ಪನಿಗೆ ಹಳೆಯ ವಿದ್ಯೆಯನ್ನೇ ನೆನಪಿಸಿದೆ: ಹ್ಯಾಂಡ್‌ಬ್ರೇಕ್ ಎಳೆದು, ಎಕ್ಸಲರೇಟರ್ ಮೆಲ್ಲಗೆ ಕೊಟ್ಟು, ಕಾರು ಮುಂದೆ ಜಗ್ಗುತ್ತಿದ್ದಂತೆ ಹ್ಯಾಂಡ್‌ಬ್ರೇಕ್ ಬಿಡುವುದು. ಮಾರುವ ಮಾತು ನಿಂತಿದೆ. ಅಮ್ಮ ಇನ್ನೂ ಬಸ್ಸಿನಲ್ಲೇ ಹೋಗುತ್ತಾಳೆ.

ಅಗ್ಗದ ಎಎಂಟಿ ಕಾರುಗಳಲ್ಲೂ ಇದೇ ಕಥೆ, ಕ್ಲಚ್ ಒಂದು ಅಷ್ಟೇ. ಕೆಲಸ ಸಿಕ್ಕಿ ಮೊದಲ ಕಾರು ಕೊಳ್ಳಲು ಹೊರಟವರು ಟೆಸ್ಟ್ ಡ್ರೈವ್‌ಗೆ ರಿಂಗ್ ರೋಡಿಗೆ ಹೋಗುವ ಬದಲು ಯಾವುದಾದರೂ ಬೇಸ್‌ಮೆಂಟ್ ಪಾರ್ಕಿಂಗಿನ ಏರಿಗೆ ಕೊಂಡೊಯ್ಯಿರಿ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಮಧ್ಯದಲ್ಲಿ ನಿಲ್ಲಿಸಿ, ಬ್ರೇಕಿನಿಂದ ಕಾಲೆತ್ತಿ, ಮೂರರವರೆಗೆ ಎಣಿಸಿ. ಕಾಲು ಬ್ರೇಕಿನ ಹತ್ತಿರವೇ ಇರಲಿ.