ಗ್ಯಾರೇಜಿನಲ್ಲಿ ಮರುಹುಟ್ಟು ಪಡೆಯುವ ಸೂಪರ್ ಕಬ್

ಪೈಪರ್ ಕಂಪನಿಯ ಸೂಪರ್ ಕಬ್ ಎರಡೇ ಸೀಟಿನ ಪುಟ್ಟ ವಿಮಾನ. ಪೈಲಟ್ ಮುಂದೆ ಕೂರುತ್ತಾರೆ, ಜೊತೆಗೆ ಬರುವವರು ಅವರ ಬೆನ್ನ ಹಿಂದೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 10.7 ಮೀಟರ್, ಮೂಗಿನಿಂದ ಬಾಲಕ್ಕೆ ಏಳು ಮೀಟರಿಗೆ ಸ್ವಲ್ಪ ಕಡಿಮೆ. ಖಾಲಿ ತೂಕ ಸುಮಾರು 420 ಕೆಜಿ. ಹಳೆಯ ಮಾರುತಿ 800 ಕಾರು ಇದಕ್ಕಿಂತ ಭಾರ. ಪಿಎ-18 ಎಂಬ ಮಾದರಿ ಸಂಖ್ಯೆ ಹೊತ್ತ ಈ ವಿಮಾನವನ್ನು ಪೈಪರ್ ಕಂಪನಿ 1949ರಲ್ಲಿ ಮಾರುಕಟ್ಟೆಗೆ ತಂದಿತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಾಕ್ ಹೇವನ್ ಊರಿನಲ್ಲಿ ಅದರ ಕಾರ್ಖಾನೆಯಿತ್ತು. ಮಧ್ಯೆ ಕೆಲವು ವರ್ಷ ನಿಂತರೂ 1994ರವರೆಗೆ ತಯಾರಿಕೆ ನಡೆಯಿತು. ಆಮೇಲೆ ಪೈಪರ್ ಹೊಸದನ್ನು ಕಟ್ಟಲಿಲ್ಲ. ಆದರೂ ಅಲಾಸ್ಕದಲ್ಲಿ ಇಂದಿಗೂ ಸೂಪರ್ ಕಬ್‌ಗಳು ದಿನನಿತ್ಯ ದುಡಿಯುತ್ತಿವೆ. ಬಿದ್ದವು, ಮುರಿದವು, ಮೂಲೆ ಸೇರಿದವು ಮನೆಯ ಗ್ಯಾರೇಜುಗಳಲ್ಲಿ ಮತ್ತೆ ಎದ್ದು ನಿಲ್ಲುತ್ತಿರುವುದೇ ಇದಕ್ಕೆ ಮುಖ್ಯ ಕಾರಣ.

ಅಲಾಸ್ಕದ ಬಹುಪಾಲು ಊರುಗಳಿಗೆ ರಸ್ತೆಯ ಸಂಪರ್ಕವಿಲ್ಲ. ಕಾಗದಪತ್ರ, ಔಷಧಿ, ದಿನಸಿ, ಬೇಟೆಯ ಮಾಂಸ, ಹೆರಿಗೆಗೆ ಹೊರಟ ತಾಯಿ, ಎಲ್ಲಕ್ಕೂ ವಿಮಾನವೇ ದಾರಿ. ಊರುಗಳಾಚೆಯ ಕಾಡುಮೇಡಿನಲ್ಲಿ ಇಳಿಯಲು ರನ್‌ವೇ ಇರುವುದೇ ಅಪರೂಪ. ನದಿಯ ನಡುವಿನ ಮರಳುದಿಬ್ಬ, ಜಲ್ಲಿಕಲ್ಲಿನ ದಂಡೆ, ಹಿಮನದಿಯ ಬೆನ್ನು ಇವೇ ನಿಲ್ದಾಣಗಳು. ಇಂಥ ಜಾಗಗಳಿಗೆ ಹಾರುವುದನ್ನು ‘ಬುಷ್ ಫ್ಲೈಯಿಂಗ್’ ಎನ್ನುತ್ತಾರೆ. ಸೂಪರ್ ಕಬ್ ಗಂಟೆಗೆ 70 ಕಿಲೋಮೀಟರ್ ಆಸುಪಾಸಿನ ವೇಗದಲ್ಲೂ ಗಾಳಿಯಲ್ಲಿ ನಿಲ್ಲಬಲ್ಲದು. ಇಷ್ಟು ನಿಧಾನವಾಗಿ ಇಳಿಯುವ ವಿಮಾನಕ್ಕೆ ಓಡಿ ನಿಲ್ಲಲು ಸ್ವಲ್ಪವೇ ಜಾಗ ಸಾಕು. ಟಾಲ್ಕೀಟ್ನ ಎಂಬ ಊರಿನ ಪೈಲಟ್ ಡಾನ್ ಶೆಲ್ಡನ್ ಚಕ್ರದ ಜೊತೆಗೆ ಹಿಮಪಟ್ಟಿಗಳನ್ನೂ ಕಟ್ಟಿದ ಸೂಪರ್ ಕಬ್‌ನಲ್ಲಿ ಪರ್ವತಾರೋಹಿಗಳನ್ನು ಡೆನಾಲಿ ಶಿಖರದ ಹಿಮನದಿಗಳ ಮೇಲೆ ಇಳಿಸಿ ಹೆಸರಾದವರು.

ಇಂಥ ಬದುಕಿನಲ್ಲಿ ಪೆಟ್ಟು ಬೀಳುವುದು ಸಹಜ. ಮರಳಿನಲ್ಲಿ ಚಕ್ರ ಹೂತು ವಿಮಾನ ಮಗುಚುತ್ತದೆ, ನೆಲದಲ್ಲಿ ಕಟ್ಟಿ ನಿಲ್ಲಿಸಿದ್ದನ್ನು ಬಿರುಗಾಳಿ ಎತ್ತಿ ಒಗೆಯುತ್ತದೆ. ಹಾಗೆ ಜಖಂ ಆದ ವಿಮಾನವನ್ನು ಯಾರಾದರೂ ಕೊಂಡು ಮನೆಗೆ ತರುತ್ತಾರೆ. ಕೊಳ್ಳುವಾಗ ನೋಡಬೇಕಾದ ಮೊದಲ ವಸ್ತು ರೆಕ್ಕೆಯೂ ಅಲ್ಲ, ಎಂಜಿನ್ನೂ ಅಲ್ಲ. ಮಾದರಿ ಮತ್ತು ಸರಣಿ ಸಂಖ್ಯೆ ಕೆತ್ತಿದ ಚಿಕ್ಕ ಲೋಹದ ಫಲಕ ಹಾಗೂ ಹುಟ್ಟಿದಂದಿನಿಂದ ಬಂದ ಲಾಗ್‌ಬುಕ್‌ಗಳನ್ನು ಮೊದಲು ನೋಡಬೇಕು. ಅವು ಇದ್ದರೆ ಗುರುತುಳ್ಳ, ಚರಿತ್ರೆಯುಳ್ಳ ವಿಮಾನವನ್ನು ದುರಸ್ತಿ ಮಾಡಿದಂತೆ. ಇಲ್ಲದಿದ್ದರೆ ಕೈಯಲ್ಲಿರುವುದು ಬಿಡಿಭಾಗಗಳ ರಾಶಿ ಮಾತ್ರ.

ಮನೆಯಲ್ಲಿ ವಿಮಾನ ಕಟ್ಟಲು ಕಾನೂನು ಬಿಡುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅಮೆರಿಕದಲ್ಲಿ ಬಿಡುತ್ತದೆ, ಆದರೆ ಕಣ್ಗಾವಲಿನೊಡನೆ. ಪರವಾನಗಿ ಇರುವ ವಿಮಾನ ಮೆಕ್ಯಾನಿಕ್‌ನ ಮೇಲ್ವಿಚಾರಣೆಯಲ್ಲಿ ಮಾಲೀಕ ತಾನೇ ಕೈಯಾರೆ ಕೆಲಸ ಮಾಡಬಹುದು. ಕೆಲಸ ಮೆಕ್ಯಾನಿಕ್‌ನ ಕಣ್ಣೆದುರು ಬೇಕಾದಷ್ಟು ನಡೆಯಬೇಕು, ಕೇಳಿದಾಗ ಅವರು ಕೈಗೆ ಸಿಗಬೇಕು. ದೊಡ್ಡ ದುರಸ್ತಿ ಅಥವಾ ಬದಲಾವಣೆಗಳನ್ನು ತಪಾಸಣಾ ಅಧಿಕಾರವಿರುವ ಮೆಕ್ಯಾನಿಕ್ ಒಪ್ಪಿ ‘337’ ಎಂಬ ನಮೂನೆಗೆ ಸಹಿ ಹಾಕಬೇಕು. ಅದರ ಒಂದು ಪ್ರತಿ ಮಾಲೀಕನ ಕೈಗೆ ಬರುತ್ತದೆ, ಇನ್ನೊಂದು ವಿಮಾನಯಾನ ಆಡಳಿತವಾದ ಎಫ್‌ಎಎ ಕಡತಕ್ಕೆ ಹೋಗುತ್ತದೆ. ಹೀಗಾಗಿ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಮೊದಲ ದಿನವೇ ಜೊತೆ ಮಾಡಿಕೊಳ್ಳುವುದು ಜಾಣತನ. ಎಲ್ಲ ಮುಗಿಸಿ ಬಣ್ಣ ಬಳಿದ ಮೇಲೆ ಸಹಿಗೆ ಕರೆದರೆ, ಒಳಗಿನದನ್ನು ನೋಡದೆ ಸಹಿ ಹಾಕುವುದಿಲ್ಲ ಎಂದು ಅವರು ಹೇಳುತ್ತಾರೆ. ಹಾಗೆ ಹೇಳುವುದೇ ಸರಿ.

ಕೆಲಸ ಆರಂಭವಾಗುವುದು ಕಟ್ಟುವುದರಿಂದಲ್ಲ, ಬಿಚ್ಚುವುದರಿಂದ. ಸೂಪರ್ ಕಬ್‌ನ ಹೊರಮೈ ಲೋಹದ ಹಾಳೆಯಲ್ಲ, ಬಟ್ಟೆ. ಹಳೆಯ ಬಟ್ಟೆಯನ್ನು ಕೊಯ್ದು ತೆಗೆದರೆ ಉಕ್ಕಿನ ಕೊಳವೆಗಳನ್ನು ವೆಲ್ಡ್ ಮಾಡಿದ ಅಸ್ಥಿಪಂಜರ ಹೊರಬೀಳುತ್ತದೆ. ಪ್ರತಿ ಕೇಬಲ್, ರಾಟೆ, ಬ್ರ್ಯಾಕೆಟ್ ತೆಗೆಯುವ ಮುನ್ನ ಫೋಟೊ ಹಿಡಿದು, ತೆಗೆದ ಮೇಲೆ ಚೀಟಿ ಕಟ್ಟಿಡುವ ಶಿಸ್ತು ಬೇಕು. ಬಿಡುವಿನ ವೇಳೆಯ ಕೆಲಸವಾದರೆ ಹಲವು ವರ್ಷ ಹಿಡಿಯುತ್ತದೆ; ಇಂದು ಬಿಚ್ಚಿದ ಬೋಲ್ಟು ಎಲ್ಲಿಯದೆಂಬುದು ಅಷ್ಟು ದಿನ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಜಾಗ ಬಹಳ ಬೇಕಿಲ್ಲ. ಪ್ರತಿ ರೆಕ್ಕೆ ಸುಮಾರು ಐದು ಮೀಟರ್ ಉದ್ದವಿದ್ದು ಗೋಡೆಗೆ ಒರಗಿಸಿಡಬಹುದು. ಎರಡು ಕಾರು ನಿಲ್ಲುವ ಗ್ಯಾರೇಜಿನಲ್ಲಿ ಕೆಲಸ ನಡೆಯುತ್ತದೆ. ರೆಕ್ಕೆ ಜೋಡಿಸುವ ಹೊತ್ತಿಗೆ ಮಾತ್ರ ದೊಡ್ಡ ಹ್ಯಾಂಗರ್‌ಗೆ ಸಾಗಿಸಬೇಕಾಗುತ್ತದೆ.

ಬರಿ ಚೌಕಟ್ಟನ್ನು ಸ್ಯಾಂಡ್‌ಬ್ಲಾಸ್ಟ್ ಮಾಡಿ ಹಳೆಯ ಬಣ್ಣ, ತುಕ್ಕು ಕಳೆದಾಗ ನಿಜಸ್ಥಿತಿ ಗೊತ್ತಾಗುತ್ತದೆ. ಕೊಳವೆಗಳ ಗೋಡೆ ಹಲವು ಕಡೆ ಒಂದು ಮಿಲಿಮೀಟರಿಗೂ ತೆಳು. ಬಾಲದ ಕಡೆಯ ಕೆಳಗಿನ ಉದ್ದ ಕೊಳವೆಗಳ ಮೇಲೆ ಎಲ್ಲಕ್ಕಿಂತ ಹೆಚ್ಚು ಅನುಮಾನವಿರಬೇಕು. ಈ ವಿಮಾನ ನೆಲದ ಮೇಲೆ ಬಾಲ ಊರಿ ನಿಲ್ಲುವುದರಿಂದ ಒಳಗೆ ಸೇರಿದ ನೀರೆಲ್ಲ ಹರಿದು ಅಲ್ಲಿಗೇ ಬರುತ್ತದೆ. ಹೊರಗೆ ನುಣ್ಣಗೆ ಕಾಣುವ ಕೊಳವೆ ಒಳಗಿನಿಂದ ತುಕ್ಕು ತಿಂದು ಹಾಳೆಯಂತಾಗಿರಬಹುದು. ಚೂಪು ಪಂಚ್‌ನಿಂದ ಒಂದೊಂದು ಅಂಗುಲಕ್ಕೂ ಹಿತವಾಗಿ ಕುಟ್ಟುತ್ತಾ ಹೋಗುವುದೇ ಪರೀಕ್ಷೆ. ಗಟ್ಟಿ ಉಕ್ಕು ಪಂಚನ್ನು ಹಿಂದಕ್ಕೆ ಒದೆಯುತ್ತದೆ, ಸತ್ತ ಉಕ್ಕು ತಗ್ಗು ಬೀಳುತ್ತದೆ ಅಥವಾ ತೂತಾಗುತ್ತದೆ. ತೂತಾದ ಕಡೆ ತೇಪೆ ಹಚ್ಚಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹಾಳಾದ ಭಾಗವನ್ನು ಕತ್ತರಿಸಿ, 4130 ಎಂಬ ದರ್ಜೆಯ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಹೊಸ ಕೊಳವೆ ಇಟ್ಟು, ಸಂದಿಗೆ ಒಳಗೋ ಹೊರಗೋ ತೋಳಿನಂಥ ತುಂಡು ತೊಡಿಸಿ ವೆಲ್ಡ್ ಮಾಡಬೇಕು. ಸಂದಿಯನ್ನು ಯಾವ ಕೋನದಲ್ಲಿ ಕತ್ತರಿಸಬೇಕು, ತೋಳು ಎಷ್ಟು ಉದ್ದವಿರಬೇಕು ಎಂಬುದಕ್ಕೆಲ್ಲ ಎಫ್‌ಎಎ ಪ್ರಕಟಿಸಿದ ‘ಎಸಿ 43.13-1ಬಿ’ ಕೈಪಿಡಿಯಲ್ಲಿ ಚಿತ್ರಸಹಿತ ಸೂಚನೆಯಿದೆ. ವೆಲ್ಡಿಂಗ್‌ನ ಕಾವಿಗೆ ಉಕ್ಕು ಎಳೆದುಕೊಂಡು ಚೌಕಟ್ಟು ಸೊಟ್ಟಗಾಗುವ ಅಪಾಯವಿದೆ. ಅದಕ್ಕೇ ಚೌಕಟ್ಟನ್ನು ಭದ್ರವಾಗಿ ಕಟ್ಟಿ ಹಾಕಿ, ನಡುಗೆರೆಗೆ ದಾರ ಎಳೆದು, ತೂಕದ ಗುಂಡು ಇಳಿಬಿಟ್ಟು ಮತ್ತೆ ಮತ್ತೆ ಅಳೆಯುತ್ತಾರೆ. ಕೊನೆಗೆ ಕೊಳವೆಗಳೊಳಗೆ ಅಗಸೆ ಎಣ್ಣೆ ಹರಿಸಿ ಬಸಿದು, ಹೊರಗೆ ಎಪಾಕ್ಸಿ ಪ್ರೈಮರ್ ಹೊಡೆಯುತ್ತಾರೆ. ಹಳೆಯ ಚೌಕಟ್ಟು ಸಂಪೂರ್ಣ ಕೆಟ್ಟಿದ್ದರೆ ಅಲಾಸ್ಕದಲ್ಲೇ ಹೊಸ ಚೌಕಟ್ಟು ತಯಾರಿಸಿ ಮಾರುವವರಿದ್ದಾರೆ.

ಉಕ್ಕಿನ ಕೊಳವೆ ಮತ್ತು ಬಟ್ಟೆಯ ಈ ಕಟ್ಟೋಣ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಎಚ್‌ಎಎಲ್ ಇದೇ ಬಗೆಯಲ್ಲಿ ಎರಡು ಸೀಟಿನ ‘ಪುಷ್ಪಕ್’ ವಿಮಾನ ಕಟ್ಟಿತ್ತು. ಅಮೆರಿಕದ ಏರಾಂಕಾ ಚೀಫ್ ಮಾದರಿಯನ್ನು ಆಧರಿಸಿದ ಪುಷ್ಪಕ್ 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. ಸುಮಾರು 160 ವಿಮಾನಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳನ್ನು ಸೇರಿದವು. ಒಂದು ತಲೆಮಾರಿನ ಭಾರತೀಯ ಪೈಲಟ್‌ಗಳು ಹಾರಲು ಕಲಿತದ್ದು ಬಟ್ಟೆ ಹೊದ್ದ ಆ ವಿಮಾನದಲ್ಲಿ.

ರೆಕ್ಕೆಯ ಒಳಗೆ ಉದ್ದಕ್ಕೂ ಎರಡು ಅಲ್ಯೂಮಿನಿಯಂ ತೊಲೆಗಳಿವೆ. ಅವನ್ನು ಸ್ಪಾರ್ ಎನ್ನುತ್ತಾರೆ. ಅವುಗಳ ಮೇಲೆ ಸಾಲಾಗಿ ಪಕ್ಕೆಲುಬುಗಳಂತೆ ರಿಬ್‌ಗಳು. ರೆಕ್ಕೆಗೆ ಉಬ್ಬಿದ ಆಕಾರ ಬರುವುದು ಇವುಗಳಿಂದ. ಒಳಗೆ ಓರೆಯಾಗಿ ಬಿಗಿದ ತಂತಿಗಳು ರೆಕ್ಕೆ ಹಿಂದೆ ಮುಂದೆ ಬಾಗದಂತೆ ಹಿಡಿಯುತ್ತವೆ. ಸೊಟ್ಟಗಾದ ರಿಬ್ಬನ್ನು ನೇರ ಮಾಡಬಹುದು, ಬದಲಿಸಲೂಬಹುದು. ಸ್ಪಾರ್ ಬಾಗಿದ್ದರೆ ಮಾತ್ರ ದಯೆ ತೋರಬಾರದು. ರೆಕ್ಕೆಯನ್ನು ಕೆಳಗಿನಿಂದ ಹಿಡಿದ ಓರೆಗಂಬಗಳಾದ ಸ್ಟ್ರಟ್‌ಗಳ ವಿಷಯದಲ್ಲೂ ಅಷ್ಟೇ ಕಠಿಣವಾಗಿರಬೇಕು. ಹಳೆಯ ಸ್ಟ್ರಟ್‌ಗಳ ಒಳಗೆ ನೀರು ಸೇರಿ ತುದಿಯಲ್ಲಿ ತುಕ್ಕು ಹಿಡಿಯುವುದರಿಂದ, ಪ್ರತಿ 24 ತಿಂಗಳಿಗೊಮ್ಮೆ ಅವನ್ನು ಪರೀಕ್ಷಿಸಬೇಕೆಂದು ಎಫ್‌ಎಎ ಆದೇಶವಿದೆ. ಪೂರ್ತಿ ಮುಚ್ಚಿ ವೆಲ್ಡ್ ಮಾಡಿದ, ಒಳಗೆ ತೇವ ಹೋಗದ ಹೊಸ ಸ್ಟ್ರಟ್ ಹಾಕಿದರೆ ಈ ಪದೇ ಪದೇ ತಪಾಸಣೆಯಿಂದ ಬಿಡುಗಡೆ ಸಿಗುತ್ತದೆ. ದುಡ್ಡು ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬಾರದು.

ಸೂಪರ್ ಕಬ್‌ಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಎಂಜಿನ್ ಕೂರಿಸಲಾಗಿತ್ತು. ಹೆಸರಾದದ್ದು ಲೈಕಮಿಂಗ್ ಓ-320: ನಾಲ್ಕು ಸಿಲಿಂಡರ್, 150 ಅಶ್ವಶಕ್ತಿ, ಗಾಳಿಯಿಂದಲೇ ತಂಪಾಗುತ್ತದೆ. ಪ್ರತಿ ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್, ಇಡೀ ಎಂಜಿನ್‌ಗೆ ಕಿಡಿ ಹುಟ್ಟಿಸುವ ಎರಡು ಮ್ಯಾಗ್ನೆಟೊ. ಒಂದು ಕೈಕೊಟ್ಟರೂ ಇನ್ನೊಂದು ಮನೆ ಮುಟ್ಟಿಸುತ್ತದೆ. ವರ್ಷಗಟ್ಟಲೆ ಓಡದೆ ಕುಳಿತ ಲೈಕಮಿಂಗ್‌ಗೆ ಒಂದು ನಿರ್ದಿಷ್ಟ ರೋಗ ತಗಲುತ್ತದೆ. ಇದರಲ್ಲಿ ಕವಾಟಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಭಾಗದಲ್ಲಿ, ಎಣ್ಣೆ ಕೂರುವುದು ತಳದಲ್ಲಿ. ಎಂಜಿನ್ ನಿಂತರೆ ಎಣ್ಣೆಯೆಲ್ಲ ಇಳಿದು ಕ್ಯಾಮ್‌ಗೆ ತುಕ್ಕು ಹತ್ತುತ್ತದೆ. ‘ಕಡಿಮೆ ಗಂಟೆ ಓಡಿದ ಎಂಜಿನ್’ ಎಂಬ ಮಾತಿಗೆ ಮರುಳಾಗದೆ ಬಿಚ್ಚಿ ನೋಡಬೇಕು ಎನ್ನುವುದು ಇದಕ್ಕೇ. ಕ್ರ್ಯಾಂಕ್‌ಶಾಫ್ಟಿನಲ್ಲಿ ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ಕಾಂತೀಯ ಪರೀಕ್ಷೆ ನಡೆಸುವುದು ಮನೆಯ ಕೆಲಸವಲ್ಲ. ಪ್ರೊಪೆಲ್ಲರ್ ನೆಲಕ್ಕೆ ಬಡಿದ ವಿಮಾನವಾದರಂತೂ ಎಂಜಿನ್ ಅಧಿಕೃತ ಕಾರ್ಯಾಗಾರಕ್ಕೆ ಹೋಗಲೇಬೇಕು.

ಇನ್ನು ಬಟ್ಟೆ. ಇಡೀ ಪುನರ್ನಿರ್ಮಾಣದಲ್ಲಿ ಕೈಚಳಕಕ್ಕೆ ಹೆಚ್ಚು ಅವಕಾಶವಿರುವುದು ಇಲ್ಲಿ. ಹಿಂದೆ ಹತ್ತಿ ಅಥವಾ ಲಿನನ್ ಬಟ್ಟೆ ಹೊದಿಸುತ್ತಿದ್ದರು. ವಿಮಾನದ ‘ಗ್ರೇಡ್ ಎ’ ಹತ್ತಿಬಟ್ಟೆಯ ಒಂದಿಂಚು ಅಗಲದ ಪಟ್ಟಿ ಹೊಸದಿರುವಾಗ 80 ಪೌಂಡ್ ಎಳೆತ ತಾಳಬೇಕಿತ್ತು, 56 ಪೌಂಡಿಗಿಂತ ಕಡಿಮೆಗೆ ಹರಿದರೆ ಬಟ್ಟೆ ಬದಲಿಸಬೇಕಿತ್ತು. ಬಿಸಿಲಿಗೆ ಹತ್ತಿ ಬೇಗ ಜೀರ್ಣವಾಗುತ್ತಿತ್ತು. ಈಗ ಬಹುತೇಕ ಎಲ್ಲರೂ ಬಳಸುವುದು ಪಾಲಿಯೆಸ್ಟರ್. ವಿಶೇಷ ಅಂಟಿನಿಂದ ಬಟ್ಟೆಯ ಅಂಚನ್ನು ಚೌಕಟ್ಟಿಗೆ ಅಂಟಿಸಿ, ಉಳಿದದ್ದನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಗಿ ಮಾಡುತ್ತಾರೆ. ಕಾವು ತಗಲಿದಂತೆ ಪಾಲಿಯೆಸ್ಟರ್ ಕುಗ್ಗುತ್ತದೆ, ಸುಕ್ಕುಗಳು ಕಣ್ಣೆದುರೇ ಮಾಯವಾಗುತ್ತವೆ. ಮೊದಲ ಸುತ್ತು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೊನೆಯ ಸುತ್ತು 177 ಡಿಗ್ರಿಯಲ್ಲಿ. ಅದನ್ನು ಬಹಳ ಮೀರಿದರೆ ಬಟ್ಟೆ ಬಿಗಿಯಾಗುವ ಬದಲು ಸಡಿಲಗೊಂಡು ಕೆಡುತ್ತದೆ. ಆದ್ದರಿಂದ ಇಸ್ತ್ರಿಪೆಟ್ಟಿಗೆಯ ಗುಂಡಿ ಹೇಳುವುದನ್ನು ನಂಬದೆ ಥರ್ಮಾಮೀಟರ್ ಇಟ್ಟು ಶಾಖ ಅಳೆಯುತ್ತಾರೆ.

ಬಿಗಿದ ಮೇಲೆ ಹೊಲಿಗೆ. ಹಾರುವಾಗ ರೆಕ್ಕೆಯ ಮೇಲ್ಮೈಯ ಬಟ್ಟೆಯನ್ನು ಗಾಳಿ ಮೇಲಕ್ಕೆ ಸೆಳೆಯುತ್ತದೆ. ಅಂಟೊಂದೇ ಅದನ್ನು ಹಿಡಿದಿಡದು. ಹೀಗಾಗಿ ಪ್ರತಿ ರಿಬ್ಬಿನ ಎರಡೂ ಬದಿಗೆ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಹೊಲಿಯಬೇಕು. ಒಂದು ಗೇಣಿಗೂ ಉದ್ದದ ದಬ್ಬಣವನ್ನು ರೆಕ್ಕೆಯ ಮೇಲಿಂದ ಚುಚ್ಚಿ, ಕೆಳಗೆ ಎಳೆದು, ರಿಬ್ಬಿನ ಆಚೆ ಬದಿಯಿಂದ ಮತ್ತೆ ಮೇಲೆ ತಂದು, ಮೇಣ ಹಚ್ಚಿದ ದಾರಕ್ಕೆ ಜಾರದ ಗಂಟು ಹಾಕುತ್ತಾರೆ. ಕೆಲವೇ ಇಂಚಿಗೊಂದು ಗಂಟು. ಪ್ರೊಪೆಲ್ಲರಿನ ಗಾಳಿ ಬಡಿಯುವ ಜಾಗದಲ್ಲಿ ಇನ್ನೂ ಒತ್ತೊತ್ತಾಗಿ. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ನಿಂತರೆ ಕೆಲಸ ಬೇಗ ಸಾಗುತ್ತದೆ. ಹಲವು ಮನೆಗಳಲ್ಲಿ ಗಂಡ-ಹೆಂಡತಿ, ತಂದೆ-ಮಗಳು ಕೂಡಿ ಮಾಡುವ ಕೆಲಸ ಇದೇ. ಗಂಟುಸಾಲಿನ ಮೇಲೆ ಪಟ್ಟಿ ಅಂಟಿಸಿ, ತೇವ ಹೊರಹೋಗಲು ತಳದಲ್ಲಿ ಪುಟ್ಟ ರಂಧ್ರಗಳನ್ನು ಬಿಟ್ಟು, ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಲೇಪ ಹಚ್ಚುತ್ತಾರೆ. ಬಿಸಿಲಿನ ನೇರಳಾತೀತ ಕಿರಣ ಬಟ್ಟೆಗೆ ತಾಗದಂತೆ ತಡೆಯುವುದು ಈ ಲೇಪವೇ. ಅದರ ಮೇಲೆ ಕಾಣುವ ಬಣ್ಣ ತೆಳ್ಳಗೆ ಸಾಕು. ಹೊಳಪಿನ ಆಸೆಗೆ ಸುತ್ತಿನ ಮೇಲೆ ಸುತ್ತು ಬಣ್ಣ ಹೊಡೆದರೆ ಅಷ್ಟೂ ತೂಕವನ್ನು ವಿಮಾನ ಜೀವಮಾನವಿಡೀ ಹೊರಬೇಕು.

ತೂಕದ ಈ ಮಾತು ಬುಷ್ ವಿಮಾನದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಪುನರ್ನಿರ್ಮಾಣದ ವೇಳೆ ಬದಲಾವಣೆಗಳ ಆಸೆ ಹೆಚ್ಚು. ಕಲ್ಲುಗುಂಡಿನ ಮೇಲೂ ಉರುಳುವ 31 ಇಂಚಿನ ಮೆತ್ತನೆಯ ಟೈರು, ಎತ್ತರದ ಲ್ಯಾಂಡಿಂಗ್ ಗೇರ್, ಹೊಟ್ಟೆಯಡಿ ಸಾಮಾನಿನ ಪೆಟ್ಟಿಗೆ, ದೊಡ್ಡ ಲಗೇಜು ಜಾಗ, ಎಲ್ಲಕ್ಕೂ ಮಂಜೂರಾದ ವಿನ್ಯಾಸಗಳು ಸಿಗುತ್ತವೆ. ಕೆಲವು ನಿಜಕ್ಕೂ ಬೇಕಾದವು. ಮರಳುದಿಬ್ಬದಲ್ಲಿ ಇಳಿಯುವವರಿಗೆ ದೊಡ್ಡ ಟೈರು ಶೋಕಿಯಲ್ಲ. ಆದರೆ ಬದಲಾವಣೆಯಿಲ್ಲದ 150 ಅಶ್ವಶಕ್ತಿಯ ಮಾದರಿಯ ಒಟ್ಟು ತೂಕದ ಮಿತಿ 794 ಕೆಜಿ. ಎರಡು ರೆಕ್ಕೆಗಳ ತೊಟ್ಟಿ ತುಂಬ ಪೆಟ್ರೋಲು, ಇಬ್ಬರು ಮನುಷ್ಯರು, ಸಾಮಾನು ಎಲ್ಲ ಅದರೊಳಗೆ ಬರಬೇಕು. ಕೂಡಿಸಿದ ಪ್ರತಿ ಕಿಲೋ ಇನ್ನೊಂದು ಕಡೆ ಬಿಟ್ಟುಕೊಟ್ಟ ಕಿಲೋ. ಒಳ್ಳೆಯ ಬುಷ್ ವಿಮಾನ ಹಗುರವಾದದ್ದೇ ಹೊರತು ಅಲಂಕಾರ ಹೆಚ್ಚಿರುವುದಲ್ಲ.

ರೆಕ್ಕೆ ಕೂಡಿಸಿ, ಕೇಬಲ್ ಬಿಗಿದು, ನಿಯಂತ್ರಣದ ಕೋಲನ್ನು ಎಡಕ್ಕೆ ವಾಲಿಸಿದರೆ ಎಡರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಯಾದ ಏಲರಾನ್ ಮೇಲೇಳುತ್ತದೆಯೇ ಎಂದು ಒಬ್ಬರಲ್ಲ, ಇಬ್ಬರು ನೋಡಬೇಕು. ಕೇಬಲ್ ಅದಲು ಬದಲಾಗಿ ಜೋಡಣೆಯಾದರೆ ವಿಮಾನ ಮೇಲೆದ್ದ ಕ್ಷಣವೇ ಉರುಳುತ್ತದೆ. ಬಳಿಕ ವಿಮಾನವನ್ನು ಮಟ್ಟಸವಾಗಿ ನಿಲ್ಲಿಸಿ ಮೂರು ಚಕ್ರಗಳಡಿಗೆ ಮೂರು ತಕ್ಕಡಿ ಇಟ್ಟು ತೂಗುತ್ತಾರೆ. ಆ ಮೂರು ಅಂಕಿಗಳಿಂದ ಗುರುತ್ವ ಕೇಂದ್ರ ಎಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ತಪಾಸಣೆ ಮುಗಿದು ಸಹಿ ಬಿದ್ದ ಮೇಲೂ, ಹಾರಾಟದ ಗುಣ ಬದಲಾಗಿರಬಹುದಾದಷ್ಟು ದೊಡ್ಡ ಕೆಲಸ ನಡೆದಿದ್ದರೆ, ಪ್ರಯಾಣಿಕರನ್ನು ಕೂರಿಸುವ ಮುಂಚೆ ಪೈಲಟ್ ಪರೀಕ್ಷಾ ಹಾರಾಟ ಮಾಡಿ ದಾಖಲೆಯಲ್ಲಿ ಬರೆಯಬೇಕೆಂಬುದು ನಿಯಮ. ಹೊಸದಾಗಿ ಕಟ್ಟಿದ ಎಂಜಿನ್ನನ್ನು ನೆಲದ ಮೇಲೆ ಹೆಚ್ಚು ಹೊತ್ತು ಓಡಿಸುವುದೂ ಸಲ್ಲ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳಲು ಹಾರಾಟದಲ್ಲಿ ಹೆಚ್ಚಿನ ಶಕ್ತಿಯಲ್ಲಿ ಓಡಬೇಕು. ಮೊದಲ ಸುಮಾರು 50 ಗಂಟೆ, ಅಥವಾ ಎಣ್ಣೆ ಕುಡಿಯುವುದು ಒಂದು ಮಟ್ಟಕ್ಕೆ ನಿಲ್ಲುವವರೆಗೆ, ಬೇರೆ ಅಂಶ ಬೆರೆಸದ ಖನಿಜ ಎಣ್ಣೆ ಹಾಕುತ್ತಾರೆ. ಎಣ್ಣೆ ಬದಲಿಸುವಾಗ ಹಳೆಯ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ, ಲೋಹದ ಚೂರು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಅಲ್ಲಿ ಏನೂ ಕಾಣದಿದ್ದರೆ ಎಂಜಿನ್ ಆರೋಗ್ಯವಾಗಿದೆ ಎಂದರ್ಥ. ಅಲ್ಲಿಂದ ಮುಂದೆ ಪ್ರತಿ 12 ತಿಂಗಳಿಗೊಮ್ಮೆ ನಡೆಯುವ ವಾರ್ಷಿಕ ತಪಾಸಣೆಯಲ್ಲಿ ಎಂಜಿನ್‌ನ ಜೊತೆಗೆ ಬಟ್ಟೆ, ಕೊಳವೆ, ಸ್ಟ್ರಟ್, ಕೇಬಲ್‌ಗಳನ್ನೂ ಮತ್ತೆ ನೋಡಿ ಲಾಗ್‌ಬುಕ್‌ನಲ್ಲಿ ದಾಖಲಿಸಲಾಗುತ್ತದೆ.